ಬೀರುವಿನ ನಂಬರು

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಕೈ ಕೊಡವಿಕೊಂಡರು. ಕ್ಲಬ್ಬಿನ ವರಾಂಡದ ಕಪ್ಪು ಹಲಗೆಯ ಮೇಲೆ ಅವತ್ತಿನ ಪಂದ್ಯದ ಫಲಿತಾಂಶ ಮೂಡಿತ್ತು. ಎಲ್ಲಕ್ಕಿಂತ ಮೇಲೆ ‘ಬೀರು’ ಎಂದು ಬರೆದಿತ್ತು. ಈ ಋತುವಿನಲ್ಲಿ ಅದೇನು ಹೊಸದಾಗಿರಲಿಲ್ಲ. ಒದ್ದೆ ಕಾಲಿನಲ್ಲಿ ನಿಂತಿದ್ದವರು ಹಲಗೆಯನ್ನು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಹಾದ ಕಡೆ ತಿರುಗಿದರು.

ಬೀರು ಎಂದರೆ ಒಂದು ಹಾಯಿದೋಣಿ. ಅದನ್ನು ಕಟ್ಟಿದವರು ವೃತ್ತಿಯಿಂದ ಬಡಗಿ. ಬಾಗಿಲು, ಮೇಜು, ಬಟ್ಟೆಯ ಬೀರು ಮಾಡಿಕೊಂಡಿದ್ದವರು. ಪ್ರಾಯದಲ್ಲಿ ಒಂದು ದಿನ ಹಿನ್ನೀರಿನ ದಂಡೆಗೆ ಗಾಳಿ ಸೇವಿಸಲು ಬಂದು, ಹಾಯಿ ಕಟ್ಟಿಕೊಂಡು ಓಡುವ ಪುಟ್ಟ ದೋಣಿಗಳನ್ನು ಕಂಡು ಹುಚ್ಚು ಹತ್ತಿಸಿಕೊಂಡರು. ಕೊಳ್ಳುವಷ್ಟು ಕಾಸು ಕೈಯಲ್ಲಿರಲಿಲ್ಲ, ಕಟ್ಟುವ ಕೈ ಇತ್ತು. ಕೆಲಸದಲ್ಲಿ ಮಿಕ್ಕಿದ ಪ್ಲೈವುಡ್ಡನ್ನು ಕೂಡಿಹಾಕಿ ತಾವೇ ಒಂದನ್ನು ಕಟ್ಟಿ ತಂದಾಗ, ದಡದಲ್ಲಿದ್ದ ಯಾರೋ “ಇದಕ್ಕೆ ಕನ್ನಡಿ ಯಾವ ಕಡೆ ಕೂರಿಸ್ತೀರಿ?” ಎಂದು ಕೇಳಿದ್ದರಂತೆ. ಹೆಸರು ಅಂದೇ ಅಂಟಿಕೊಂಡಿತು. ಈಗ ಬಡಗಿಗೆ ವಯಸ್ಸಾಗಿದೆ, ಕೈ ನಡುಗುತ್ತದೆ. ಈ ವರ್ಷದಿಂದ ಬೀರುವಿನ ಚುಕ್ಕಾಣಿ ಸೊಸೆಯ ಕೈಗೆ ಬಂದಿತ್ತು. ಬಂದದ್ದೇ ತಡ, ಅವಳು ಗೆಲ್ಲತೊಡಗಿದ್ದಳು.

“ಭೇಷ್ ಕಣಮ್ಮಾ,” ಎಂದ ಬೇಕರಿಯವನು, ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ. ಧ್ವನಿಯಲ್ಲಿ ಭೇಷ್ ಇರಲಿಲ್ಲ. “ನಾನು ಗೆರೆ ದಾಟಿ, ದೋಣಿ ಮೇಲೆಳೆದು, ಹಾಯಿ ಮಡಚಿ ತಿರುಗಿ ನೋಡ್ತೀನಿ, ನೀನಿನ್ನೂ ನೀರಲ್ಲೇ ಇದ್ದೆ. ಆದ್ರೂ ಗೆದ್ದೋಳು ನೀನು.”

“ನಂಬರು ಹಾಗಿದೆ. ಅದಕ್ಕೆ ನಾನೇನು ಮಾಡ್ಲಿ ಅಣ್ಣಾ?”

ಆ ಹಿನ್ನೀರಿನಲ್ಲಿ ಎಲ್ಲರ ದೋಣಿಯೂ ಒಂದೇ ಬಗೆಯದ್ದಲ್ಲ. ಉದ್ದದ್ದು, ಗಿಡ್ಡದ್ದು, ಹಗುರದ್ದು, ಹಳೆಯದು ಎಲ್ಲ ಒಟ್ಟಿಗೇ ಓಡುತ್ತವೆ. ಅದಕ್ಕೇ ಪ್ರತಿ ದೋಣಿಗೂ ಒಂದು ನಂಬರು. ನಿಧಾನದ ದೋಣಿಗೆ ದೊಡ್ಡದು, ವೇಗದ್ದಕ್ಕೆ ಚಿಕ್ಕದು. ಓಡಲು ಹಿಡಿದ ಹೊತ್ತನ್ನು ಆ ನಂಬರಿನಿಂದ ಭಾಗಿಸಿದಾಗ ಯಾರ ಉತ್ತರ ಚಿಕ್ಕದೋ ಅವರು ಗೆದ್ದಂತೆ; ಹಾಗೆ ಮಾಡಿದರೆ ಆಮೆಗೂ ಮೊಲಕ್ಕೂ ನ್ಯಾಯ ಸಿಗುತ್ತದೆ ಎಂದು ಲೆಕ್ಕ. ಬೀರುವಿನ ನಂಬರು ಆ ನೀರಿನಲ್ಲೇ ಎಲ್ಲಕ್ಕಿಂತ ದೊಡ್ಡದು.

“ಅದು ದೋಣಿಯ ನಂಬರಲ್ಲ ತಾಯಿ,” ಎಂದ ಬೇಕರಿಯವನು. ಮಾತು ಬಾಯಿಯ ತನಕ ಬಂದಿತ್ತು, ನುಂಗಲು ನೋಡಿದ, ಆಗಲಿಲ್ಲ. “ನೀನು ಗೆಲ್ತಿರೋದು ನಿನ್ನ ಕೈಯಿಂದಲೂ ಅಲ್ಲ, ಬೀರುವಿನಿಂದಲೂ ಅಲ್ಲ. ನಿಮ್ಮ ಮಾವನ ಮುಪ್ಪಿನಿಂದ.”

ವರಾಂಡದಲ್ಲಿ ಚಹಾ ಹೀರುವ ಸದ್ದು ನಿಂತಿತು. ಸೊಸೆಯ ಮುಖಕ್ಕೆ ರಕ್ತ ನುಗ್ಗಿತು. ಅವಳು ಮೊದಲು ನೋಡಿದ್ದು ನೀರಿನಂಚಿನ ಬೆಂಚಿನ ಕಡೆಗೆ. ಮಾವ ಅಲ್ಲೇ ಕೂತಿದ್ದರು. ಕಣ್ಣಿಗೆ ದುರ್ಬೀನು ಒತ್ತಿಕೊಂಡು, ಕೊನೆಗೆ ಉಳಿದ ಒಂದು ದೋಣಿ ದಡ ಸೇರುವುದನ್ನು ನೋಡುತ್ತಿದ್ದರು. ಅವರಿಗೆ ಏನೂ ಕೇಳಿಸಿರಲಿಲ್ಲ.

ಮನೆಯಲ್ಲಿ ಊಟದ ಹೊತ್ತಿಗೆ ಮಾವ ಪಂದ್ಯವನ್ನು ಮತ್ತೊಮ್ಮೆ ಓಡಿಸಿದರು. ಉಪ್ಪಿನ ಡಬ್ಬಿ ಬೀರು, ನೀರಿನ ಲೋಟಗಳು ಉಳಿದ ದೋಣಿಗಳು. “ಇಲ್ಲಿ, ಎರಡನೇ ಡ್ರಮ್ಮಿನ ಹತ್ರ, ಇವಳು ಒಳಗಿನಿಂದ ತಿರುಗಿಸಿದ್ಳು ನೋಡು. ನಾನೇ ಆಗಿದ್ರೂ ಹಾಗೆ ತಿರುಗಿಸ್ತಿರ್ಲಿಲ್ಲ.” ಹಿನ್ನೀರಿನಲ್ಲಿ ತೇಲಬಿಟ್ಟ ಕಿತ್ತಳೆ ಬಣ್ಣದ ಡ್ರಮ್ಮುಗಳನ್ನು ಸುತ್ತಿ ಬರುವುದೇ ಪಂದ್ಯ. ಅವರ ಮಗ ಬಸ್ಸು ಓಡಿಸುವವನು. ಬಕೆಟ್ಟಿನಲ್ಲಿ ನೀರು ಅಲುಗಿದರೂ ತಲೆ ಸುತ್ತುವ ಆಸಾಮಿ. “ಅಪ್ಪಾ, ಆ ಲೋಟ ನಿಲ್ಸಿ, ಊಟ ಸೇರ್ತಿಲ್ಲ,” ಎಂದು ತಟ್ಟೆ ಎತ್ತಿಕೊಂಡು ಹೋಗಿ ಕಿಟಕಿಯ ಬಳಿ ಕೂತ.

ಮದುವೆಯಾಗಿ ಬಂದ ಹೊಸತರಲ್ಲಿ ಗಂಡನ ಈ ಭಯವೇ ಅವಳಿಗೆ ಅದೃಷ್ಟವಾಗಿತ್ತು. ಮಗ ಬರುವುದಿಲ್ಲ ಎಂದು ಮಾವ ಸೊಸೆಯನ್ನು ಕರೆದರು. ಬೇರೆ ಮನೆಯಿಂದ ಬಂದವಳು, ಯಾರ ಮುಂದೆ ಎಷ್ಟು ನಗಬೇಕು ಎಂದು ಇನ್ನೂ ಗೊತ್ತಿಲ್ಲದವಳು, ಅವತ್ತು ನೀರಿನ ನಡುವೆ ಹಾಯಿ ಫಟ್ಟೆಂದು ತುಂಬಿಕೊಂಡಾಗ ಬಾಯ್ತುಂಬ ನಕ್ಕುಬಿಟ್ಟಿದ್ದಳು. ಆ ಮನೆ ತನ್ನದು ಎನ್ನಿಸಿದ್ದು ಅಲ್ಲಿ, ಆ ಪ್ಲೈವುಡ್ಡಿನ ಮೇಲೆ. ಆ ಋಣ ಅವಳು ಮರೆತವಳಲ್ಲ.

ಗೋಡೆಯ ಮೇಲಿನ ಕಪಾಟಿನಲ್ಲಿ ಒಂದು ಕಪ್ ಇತ್ತು. ಇಡೀ ಋತುವಿನ ಪಂದ್ಯಗಳಲ್ಲಿ ಒಟ್ಟಾರೆ ಗೆದ್ದವರಿಗೆ ಕೊಡುವಂಥದ್ದು. ಮಾವ ಜೀವಮಾನವೆಲ್ಲ ದೋಣಿ ಓಡಿಸಿ, ಕೈ ನಡುಗಲು ಶುರುವಾದ ಮೇಲೆ, ಎರಡು ವರ್ಷದ ಹಿಂದೆ ಅದನ್ನು ಗೆದ್ದಿದ್ದರು. ಅದರಲ್ಲಿ ತಮ್ಮ ಚಪ್ಪಟೆ ಪೆನ್ಸಿಲ್ಲುಗಳನ್ನು ಹಾಕಿಡುತ್ತಿದ್ದರು. ಸೊಸೆ ಅವತ್ತು ಆ ಕಪ್ಪಿನ ಕಡೆ ನೋಡಲಿಲ್ಲ.

ಅವಳದ್ದು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. ಮರುದಿನ ಅಂಗಡಿಗೆ ಬಂದ ಹೆಂಗಸೊಬ್ಬಳು ಗಂಡನ ಹಳೆಯ ಕನ್ನಡಕವನ್ನು ಮೂಗಿಗೇರಿಸಿಕೊಂಡಿದ್ದಳು. “ಇದ್ರಲ್ಲಿ ಎಲ್ಲಾ ಎಷ್ಟು ದೊಡ್ಡದಾಗಿ ಕಾಣುತ್ತೆ ಅಂತೀರಿ!” ಎಂದು ಸಂಭ್ರಮಪಟ್ಟಳು. “ಅದು ನಿಮ್ಮ ಕಣ್ಣಿಗೆ ಮಾಡಿದ್ದಲ್ಲಮ್ಮ,” ಎಂದು ಹೇಳುವಾಗ ಸೊಸೆಗೆ ತನ್ನ ಮಾತು ತನಗೇ ಚುಚ್ಚಿತು. ಸಂಜೆ ನೇರವಾಗಿ ಮನೆಗೆ ಹೋಗದೆ ಮೇಷ್ಟ್ರ ಮನೆಯ ಗೇಟು ತಳ್ಳಿದಳು.

ಮೇಷ್ಟ್ರು ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ದೋಣಿಗಳ ನಂಬರು ಕಟ್ಟುವುದು ಅವರದ್ದೇ ಹೊಣೆ. ಹೂಕುಂಡಗಳಿಗೆ ನೀರು ಹಾಕುತ್ತಿದ್ದವರು ಅವಳನ್ನು ನೋಡಿದೊಡನೆ ಪಾತ್ರೆ ಕೆಳಗಿಟ್ಟರು. “ಬಾಮ್ಮಾ. ನೀನು ಬರ್ತೀಯ ಅಂತ ಗೊತ್ತಿತ್ತು. ಕೂತ್ಕೋ.”

“ಬೇಕರಿ ಅಣ್ಣ ಹೇಳಿದ್ದು ನಿಜವಾ?”

ಮೇಷ್ಟ್ರಿಗೆ ಸುತ್ತಿ ಬಳಸಿ ಮಾತಾಡಿ ಅಭ್ಯಾಸವಿಲ್ಲ. ಆದರೂ ಅವತ್ತು ಸ್ವಲ್ಪ ಸುತ್ತಿದರು. “ನೋಡು, ಬಿಳಿ ದೋಣಿಗಳಿವೆಯಲ್ಲ, ಬೇಕರಿಯವನ ಹತ್ರ ಇರೋ ಥರದ್ದು. ಅವು ನಮ್ಮಲ್ಲೇ ರಾಶಿ ಇವೆ. ಒಂದನ್ನ ಜಾಣ ಓಡಿಸ್ತಾನೆ, ಒಂದನ್ನ ದಡ್ಡ ಓಡಿಸ್ತಾನೆ. ಒಬ್ಬನಿಗೆ ಸೊಂಟ ನೋವು, ಇನ್ನೊಬ್ಬನಿಗೆ ಹೊಸ ಮದುವೆ. ಎಲ್ಲರ ಹೊತ್ತನ್ನೂ ಸೇರಿಸಿ ಸರಾಸರಿ ತೆಗೆದ್ರೆ, ಜನ ಜರಡಿಯಲ್ಲಿ ಉಳೀತಾರೆ, ದೋಣಿ ಮಾತ್ರ ಕೆಳಗೆ ಬೀಳುತ್ತೆ. ಆ ನಂಬರು ದೋಣೀದೇ. ಆದ್ರೆ ಬೀರು ಒಂದೇ. ಓಡ್ಸಿದವರೂ ಒಬ್ಬರೇ. ಎಷ್ಟು ಜರಡಿ ಹಿಡಿದ್ರೂ ನಿಮ್ಮ ಮಾವ ದೋಣಿಗೆ ಅಂಟ್ಕೊಂಡೇ ಇರ್ತಾರೆ. ನಾನು ದೋಣಿಗೆ ಹಾಕಿದ್ದೆಲ್ಲ ಅವರಿಗೆ ಹಾಕಿದ ನಂಬರು. ಪ್ರಾಯದಲ್ಲಿ ಅವರು ಗೆದ್ದಷ್ಟೂ ಅದು ಇಳೀತು. ಎಲ್ಲರಿಗಿಂತ ಮುಂದೆ ಬಂದ್ರೂ ಕಪ್ ಸಿಗ್ತಿರಲಿಲ್ಲ. ಆಮೇಲೆ ಕೈ ಸೋತ ಹಾಗೆ ಅದು ಏರ್ತು.”

“ಅಷ್ಟೇನಾ?”

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. “ಅಷ್ಟೇ ಅಲ್ಲ. ಒಂದು ವರ್ಷ ನಿಮ್ಮ ಮಾವ ಪ್ರತಿ ಪಂದ್ಯದಲ್ಲೂ ಕೊನೆಗೆ ಬಂದ್ರು. ದೋಣಿ ಮಾರ್ತೀನಿ, ಸಾಕು ಅಂತಿದ್ರು. ಅವರಿಲ್ಲದೆ ಆ ನೀರಿಗೆ ಇಳಿಯೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳು? ನಮ್ಮ ಯಾವ ದೋಣೀಲಿ ಅವರು ಹೊಡೆದ ಮೊಳೆ ಇಲ್ಲ? ಕ್ಲಬ್ಬಿನ ಸಮಿತೀಲಿ ಎಲ್ಲರೂ ಗುಮ್ಮನ ಹಾಗೆ ಕೂತಿದ್ವಿ. ಲೆಕ್ಕ ಹೇಳಿದ್ದಕ್ಕಿಂತ ಇನ್ನೂ ದೊಡ್ಡ ನಂಬರು ಕೊಡೋಣ ಅಂತ ಮೊದಲು ಕೈ ಎತ್ತಿದ್ದು ಯಾರು ಗೊತ್ತಾ?”

ಅವಳು ತಲೆಯಲ್ಲಾಡಿಸಿದಳು.

“ಬೇಕರಿಯವನು. ಮುಂದಿನ ವರ್ಷವೂ ಅವನೇ ಎತ್ತಿದ. ನಿಮ್ಮ ಮಾವನಿಗೆ ಕಪ್ ಬಂದ ವರ್ಷ ಕೂದಲೆಳೆಯಲ್ಲಿ ಎರಡನೆಯವನಾದೋನೂ ಅವನೇ. ಅವನಿಗೆ ಇವತ್ತಿನವರೆಗೂ ಕಪ್ ಸಿಕ್ಕಿಲ್ಲ.”

ನಿನ್ನೆಯಿಂದ ಅವಳು ಆ ಮನುಷ್ಯನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕುತ್ತಿದ್ದಳು. ಈಗ ಅದೇ ಮನಸ್ಸು ಅವನ ಮುಂದೆ ತಲೆ ತಗ್ಗಿಸಿತು.

“ನಂಬರು ಸರಿ ಮಾಡಿ ಮೇಷ್ಟ್ರೇ. ಈಗ್ಲೇ.”

“ಋತುವಿನ ನಡುವೆ ನಂಬರು ಮುಟ್ಟೋ ಹಾಗಿಲ್ಲ. ದೋಣಿಯ ಯಜಮಾನರೇ ಬಂದು ಕೇಳಿದ್ರೆ ಮಾತ್ರ ಆಗುತ್ತೆ.” ಮೇಷ್ಟ್ರು ಅವಳ ಮುಖ ನೋಡಿದರು. “ಬೀರುವಿನ ಯಜಮಾನರು ನೀನಲ್ಲ.”

ಅಂದರೆ ಮಾವನಿಗೆ ಹೇಳಬೇಕು. ನಿಮ್ಮ ಕಪ್ ನಿಮ್ಮ ಕೈಯದ್ದಲ್ಲ, ನಾಲ್ಕು ಜನ ಕರುಣೆಯಿಂದ ಎತ್ತಿದ ಕೈಗಳದ್ದು ಎಂದು, ಆ ಮನುಷ್ಯನ ಮುಖ ನೋಡಿಕೊಂಡು ಹೇಳಬೇಕು.

ಬೆಳಿಗ್ಗೆ ಬೇಕರಿಗೆ ಹೋದಳು. ಬ್ರೆಡ್ಡಿನ ಬಿಸಿ ಹಬೆಯ ಹಿಂದೆ ಬೇಕರಿಯವನು ಮೊಣಕೈವರೆಗೂ ಹಿಟ್ಟು ಬಳಿದುಕೊಂಡು ನಿಂತಿದ್ದ. ಅವಳನ್ನು ಕಂಡದ್ದೇ ಗಿರಾಕಿಗಳನ್ನು ಹೆಂಡತಿಗೆ ಒಪ್ಪಿಸಿ ಹಿಂದಿನ ಕೋಣೆಗೆ ಕರೆದ.

“ಬಾಯಿ ಜಾರ್ತು ಕಣಮ್ಮಾ. ಅವತ್ತು ಇಡೀ ರಾತ್ರಿ ಹೆಂಡತಿ ಕೈಲಿ ಬೈಸ್ಕೊಂಡೆ. ಮರ್ತುಬಿಡು.”

“ನೀವು ಕೈ ಎತ್ತಿದ್ದು ಗೊತ್ತಾಯ್ತು ಅಣ್ಣಾ.”

ಅವನ ಮುಖ ಒಲೆಗಿಂತ ಕೆಂಪಾಯಿತು. ಕದ್ದು ಸಿಕ್ಕಿಬಿದ್ದವನ ಹಾಗೆ ಅತ್ತಿತ್ತ ನೋಡಿದ. “ಆ ಮೇಷ್ಟ್ರ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ. ಈಗೇನು ಮಾಡ್ಬೇಕು ಅಂತೀಯ? ಅವರಿಗೆ ಹೇಳೋಕೆ ಹೋಗ್ಬೇಡ. ನಿಂಗೆ ಕೈ ಮುಗೀತೀನಿ. ಈ ವರ್ಷ ನೀನೇ ಗೆಲ್ಲು. ನಂಗೆ ಕಪ್ ಇಲ್ದೆ ಬ್ರೆಡ್ ಉಬ್ಬಲ್ವಾ?”

“ನೀವು ಹಾಗಂದ್ರೆ ನಂಗೆ ಇನ್ನೂ ಕಷ್ಟ.”

“ಹಾಗಾದ್ರೆ ಸ್ವಲ್ಪ ಕಷ್ಟಪಡು,” ಎಂದು ಒಂದು ಬಿಸಿ ಬ್ರೆಡ್ಡನ್ನು ಅವಳ ಕೈಗೆ ತುರುಕಿ ಹೊರಗೆ ಕಳಿಸಿದ.

ಬಿಸಿ ಬ್ರೆಡ್ಡನ್ನು ಎದೆಗೊತ್ತಿಕೊಂಡು ಅಂಗಡಿಯವರೆಗೂ ನಡೆದಳು. ಸುಮ್ಮನಿದ್ದರೆ ಎಲ್ಲರಿಗೂ ಸುಖ. ಮಾವನಿಗೆ ಕಪ್ ಉಳಿಯುತ್ತದೆ, ಅವಳಿಗೂ ಒಂದು ಬರುತ್ತದೆ, ಬೇಕರಿಯವನು ತುಟಿ ಪಿಟಕ್ಕೆನ್ನದೆ ಮತ್ತೆ ಎರಡನೆಯವನಾಗುತ್ತಾನೆ. ಆದರೆ ಮುದುಕನಿಗೆ ಕೊಟ್ಟದ್ದನ್ನು ಗಟ್ಟಿಮುಟ್ಟಾದ ತಾನು ತಿನ್ನುತ್ತಿದ್ದೇನೆ ಎನ್ನುವುದು ಅವಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಇನ್ನೊಂದು ಆಸೆಯೂ ಇತ್ತು, ಅದನ್ನು ತನಗೂ ಮೆಲ್ಲಗೆ ಹೇಳಿಕೊಂಡಳು: ತನಗೆ ದೋಣಿ ಓಡಿಸಲು ನಿಜವಾಗಿ ಬರುತ್ತದೆಯೇ ಎಂದು ತಿಳಿಯಬೇಕಿತ್ತು.

ಆ ವಾರದ ರಜೆಯ ದಿನ ಮಾವ ಮನೆಯ ಹಿಂದಿನ ಕೆಲಸದ ಕೊಟ್ಟಿಗೆಯಲ್ಲಿದ್ದರು. ಉಳಿ ಹಿಡಿಯುವುದನ್ನು ಕೈ ಒಪ್ಪುತ್ತಿರಲಿಲ್ಲ. ಉಪ್ಪುಕಾಗದ ಹಿಡಿದು ಬೀರುವಿನ ಚುಕ್ಕಾಣಿಯ ಹಲಗೆಯನ್ನು ತಿಕ್ಕುತ್ತಿದ್ದರು. ಈ ತಿಕ್ಕುವುದು, ಮೆರುಗು ಹಚ್ಚುವುದು, ಮತ್ತೆ ತಿಕ್ಕುವುದು ವರ್ಷಗಳಿಂದ ನಡೆದಿತ್ತು. ಸೊಸೆ ಮರದ ಹೊಟ್ಟಿನ ನಡುವೆ ಒಂದು ಸ್ಟೂಲೆಳೆದು ಕೂತಳು.

“ಮಾವ, ಒಂದು ಮಾತು. ಕೋಪ ಮಾಡ್ಕೋಬಾರ್ದು.”

“ಮಗನಿಗೆ ಬಸ್ಸಿಂದ ದೋಣಿಗೆ ಬಡ್ತಿ ಸಿಕ್ತಾ?”

“ತಮಾಷೆ ಅಲ್ಲ. ಬೀರುವಿನ ನಂಬರು ಸರಿ ಇಲ್ಲ. ತುಂಬಾ ದೊಡ್ಡದಿದೆ. ಅದು...” ಅವಳು ನೆಲ ನೋಡಿದಳು. “ಅದು ದೋಣಿಯ ನಂಬರಲ್ಲ ಮಾವ. ಓಡ್ಸಿದವರು ಯಾವಾಗ್ಲೂ ನೀವೊಬ್ರೇ ಅಲ್ವಾ? ನಿಮ್ಮ ಕೈ ನಿಧಾನ ಆದಾಗ ಲೆಕ್ಕದಲ್ಲಿ ದೋಣಿ ನಿಧಾನ ಆಯ್ತು. ಈಗ ನನ್ನ ಕೈಗೆ ಬಂದಾಗ...”

ಉಪ್ಪುಕಾಗದದ ಸದ್ದು ನಿಂತಿತು. ಸೊಸೆಗೆ ತಲೆಯೆತ್ತಲು ಧೈರ್ಯ ಸಾಲಲಿಲ್ಲ. ಆಡಬಾರದಿತ್ತು, ಬೇಕರಿಯವನು ಹೇಳಿದ್ದೇ ಸರಿ ಎಂದುಕೊಂಡಳು.

“ಇರು,” ಎಂದರು ಮಾವ. “ಇನ್ನೊಂದು ಸಲ ಹೇಳು. ನಿಧಾನ ಇದ್ದದ್ದು ನಾನು?”

“ಹೂಂ.”

“ದೋಣಿ ಅಲ್ಲ?”

“ದೋಣಿ ಅಲ್ಲ ಮಾವ. ದೋಣಿ ಹಾಗೇ ಇದೆ.”

ಅವರು ಚುಕ್ಕಾಣಿಯ ಹಲಗೆಯನ್ನು ಬೆಂಚಿನ ಮೇಲಿಟ್ಟು ಎದ್ದು ನಿಂತರು. ಸೊಸೆ ಗಾಬರಿಯಿಂದ ನೋಡಿದರೆ ಅವರ ಮುಖ ಅರಳಿತ್ತು. “ಅಯ್ಯೋ ಹುಡುಗೀ! ಇದನ್ನ ಇಷ್ಟು ವರ್ಷ ಯಾರೂ ಯಾಕೆ ಹೇಳ್ಲಿಲ್ಲ? ಪ್ರತಿ ವರ್ಷ ಆ ಹಲಗೆ ಮೇಲೆ ನಂಬರು ಏರೋದು ನೋಡ್ತಿದ್ದೆ. ನನ್ನ ಕೆಲಸ ಕೆಡ್ತಾ ಇದೆ ಅನ್ಕೊಂಡೆ. ಪ್ಲೈವುಡ್ಡು ನೀರು ಕುಡೀತಾ ಇದೆ, ಕೀಲು ಸಡಿಲ ಆಗಿದೆ, ನಾನು ಕಟ್ಟಿದ್ದೇ ತಪ್ಪು ಅಂತ ಎಷ್ಟು ಕೊರಗಿದೀನಿ ಗೊತ್ತಾ? ಚಳಿಗಾಲ ಪೂರ್ತಿ ತಿಕ್ಕಿ ತಿಕ್ಕಿ ನನ್ನ ಬೆರಳು ಸವೆದಿವೆ. ಎಷ್ಟು ತಿಕ್ಕಿದ್ರೂ ಮರುವರ್ಷ ನಂಬರು ಇನ್ನೂ ದೊಡ್ಡದು. ನಂಗೆ ವಯಸ್ಸಾಯ್ತು ಅನ್ನೋದು ನಂಗೊತ್ತಿಲ್ವಾ? ಕನ್ನಡಿ ಇಲ್ವಾ ಮನೇಲಿ? ಮುದುಕ ನಿಧಾನ ಆಗ್ಲಿ, ಅದು ಅವನ ಹಣೆಬರಹ. ದೋಣಿ ನಿಧಾನ ಅಂದ್ರೆ ಹೆಂಗೆ!”

ಸೊಸೆಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಯಾವುದನ್ನು ಮೊದಲು ಒರೆಸಬೇಕೋ ತಿಳಿಯದೆ ಹೊಟ್ಟು ಮೆತ್ತಿದ ಕೈಯಿಂದಲೇ ಮುಖ ಒರೆಸಿಕೊಂಡಳು. ಇಷ್ಟು ದಿನ ಯಾವ ಗಾಯವನ್ನು ಮುಟ್ಟಬಾರದು ಎಂದು ಎಲ್ಲರೂ ಹೆದರಿದ್ದರೋ ಅದು ಅಲ್ಲಿರಲೇ ಇಲ್ಲ, ಬೇರೆಯದೇ ಇತ್ತು.

ಸ್ವಲ್ಪ ಹೊತ್ತಿನ ಮೇಲೆ ಮಾವ ಮತ್ತೆ ಕೂತರು. ಮುಖದ ಮೇಲಿನ ನಗು ಮೆಲ್ಲನೆ ಇಳಿಯಿತು, ಮನಸ್ಸು ಏನೋ ಲೆಕ್ಕ ಹಾಕತೊಡಗಿತು.

“ಆದ್ರೂ ಸರಾಸರಿ ಅಷ್ಟು ಬೇಗ ಏರಲ್ಲ. ಯಾರೋ ಹಿಂದಿನಿಂದ ತಳ್ಳಿದಾರೆ. ಯಾರು?”

ಅವಳು ಬಟ್ಟೆಗಂಟಿದ ಹೊಟ್ಟನ್ನು ಕೊಡವತೊಡಗಿದಳು.

“ಬೇಕರಿಯವನಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. ತಲೆಯಾಡಿಸಿದಳು.

ಮಾವ ತಮ್ಮ ಕೈಗಳನ್ನು ನೋಡಿಕೊಂಡರು. ಅವು ತೊಡೆಯ ಮೇಲೆ ತಮ್ಮಷ್ಟಕ್ಕೆ ನಡುಗುತ್ತಿದ್ದವು. “ಕಪ್ ಕೊಟ್ಟ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಅವನೇ. ಸೋತೋನಿಗೆ ಇಷ್ಟು ಖುಷಿ ಯಾಕಪ್ಪಾ ಅಂತ ಅವತ್ತು ಅನ್ನಿಸ್ತು. ಒರಟ, ಬಾಯಿ ತೆಗೆದ್ರೆ ಜಗಳ. ಅವನು...” ಉಪ್ಪುಕಾಗದವನ್ನು ಎತ್ತಿಕೊಂಡು ಮತ್ತೆ ಕೆಳಗಿಟ್ಟರು. “ನಂಗೆ ಇಷ್ಟೊಂದು ಜನ ಇದಾರೆ ಅಂತ ಗೊತ್ತಿರ್ಲಿಲ್ಲ ಕಣಮ್ಮಾ. ಎಷ್ಟು ಪುಣ್ಯ ಮಾಡಿದೀನಿ ನೋಡು.”

“ನಿಮಗೆ ಗೊತ್ತಾಯ್ತು ಅಂದ್ರೆ ಅವರು ನೊಂದ್ಕೋತಾರೆ.”

“ನಾನ್ಯಾಕೆ ಹೇಳ್ಲಿ? ನೀನೂ ಹೇಳ್ಬೇಡ.” ಮೂಗು ಒರೆಸಿಕೊಂಡರು. “ಚಪ್ಪಲಿ ತಾ. ಮೇಷ್ಟ್ರ ಮನೆಗೆ ಹೋಗೋಣ.”

ಮೇಷ್ಟ್ರ ಮನೆಯ ಜಗಲಿಯಲ್ಲಿ ಮಾವ ಮಾಡಿದ ನಾಟಕ ನೋಡುವಂತಿತ್ತು. ನನ್ನ ದೋಣಿಗೆ ಅವಮಾನ ಮಾಡಿದೀರಿ, ಇಷ್ಟು ದೊಡ್ಡ ನಂಬರು ಯಾವ ತೆಪ್ಪಕ್ಕೂ ಇಲ್ಲ, ಈಗಿಂದೀಗಲೇ ಇಳಿಸಬೇಕು ಎಂದು ಕೋಲು ಕುಟ್ಟಿದರು. ಮೇಷ್ಟ್ರು ಸೊಸೆಯ ಕಡೆ ನೋಡಿದರು. ಅವಳು ಹೂಕುಂಡದ ಕಡೆ ನೋಡಿದಳು.

“ಮೊದಲಿನದ್ದಕ್ಕೂ ಈಗಿನದ್ದಕ್ಕೂ ನಡುವೆ ಒಂದು ನಂಬರು ಹಾಕೋಣ ಯಜಮಾನ್ರೇ. ಅದೇ ನ್ಯಾಯ.”

“ನಡುವೆ ಗಿಡುವೆ ಬೇಡ. ಬೀರು ಎಲ್ಲರಿಗಿಂತ ಮುಂದೆ ಓಡ್ತಿದ್ದಾಗ ಇತ್ತಲ್ಲ, ಅತ್ಯಂತ ಚಿಕ್ಕದು, ಅದನ್ನ ಹಾಕಿ. ಈ ವರ್ಷ ಆಗಿಹೋದ ಪಂದ್ಯಗಳಿಗೂ ಸೇರಿಸಿ.”

“ಅದೂ ದೋಣಿಯ ನಂಬರಲ್ಲ ಸ್ವಾಮೀ! ಅದು ನೀವು. ನಿಮ್ಮ ಪ್ರಾಯ. ಈ ಹುಡುಗಿ ಇನ್ನೂ ಈಗ ಚುಕ್ಕಾಣಿ ಹಿಡಿದೋಳು. ಅಷ್ಟು ಚಿಕ್ಕ ನಂಬರಲ್ಲಿ ಬಿಳಿ ದೋಣಿಗಳನ್ನ ಸುಮ್ನೆ ಹಿಂದೆ ಹಾಕಿದ್ರೆ ಸಾಲಲ್ಲ, ದೂರ ಹಿಂದೆ ಹಾಕ್ಬೇಕು.”

ಮಾವ ಸೊಸೆಯ ಕಡೆ ತಿರುಗಿದರು. ಹುಬ್ಬು ಏರಿಸಿದರು.

“ಅದೇ ಇರ್ಲಿ ಮೇಷ್ಟ್ರೇ,” ಎಂದಳು ಅವಳು. ಇಷ್ಟು ದಿನ ಮಾವನ ಮುಪ್ಪನ್ನು ಬೆನ್ನಿಗೆ ಕಟ್ಟಿಕೊಂಡು ಓಡಿದ್ದಾಗಿತ್ತು. ಅವರ ಪ್ರಾಯವನ್ನು ಎದುರಿಗೆ ನಿಲ್ಲಿಸಿಕೊಂಡು ಒಂದು ಸಲ ಓಡಿ ನೋಡುವ ಭಾಗ್ಯ ಯಾವ ಸೊಸೆಗೆ ಸಿಗುತ್ತದೆ ಎನ್ನಿಸಿತು.

ಮೇಷ್ಟ್ರು ಇಡೀ ಋತುವಿನ ಲೆಕ್ಕವನ್ನು ಹೊಸದಾಗಿ ಹಾಕಿದರು. ಅವಳ ಗೆಲುವುಗಳು ಒಂದೊಂದಾಗಿ ಕಳಚಿ ಬಿದ್ದವು, ಆದರೂ ಅವಳು ಪೂರ್ತಿ ಕೆಳಗಿಳಿಯಲಿಲ್ಲ. ಬೇಕರಿಯವನು ಮೊದಲಿಗೆ ಬಂದ; ಒಲೆ ಬಿಟ್ಟು ಬರಲಾಗದೆ ಅವನು ಕೆಲವು ಪಂದ್ಯ ತಪ್ಪಿಸಿದ್ದ, ಅವಳು ಒಂದನ್ನೂ ತಪ್ಪಿಸಿರಲಿಲ್ಲವಾದ್ದರಿಂದ ಕೂದಲೆಳೆಯಷ್ಟೇ ಹಿಂದೆ. ಕೊನೆಯ ಪಂದ್ಯದಲ್ಲಿ ಯಾರು ಮೇಲೋ ಅವರಿಗೆ ಕಪ್ ಎನ್ನುವಂತಾಯಿತು. ಬೇಕರಿಯವನು ಹಲಗೆಯ ಮುಂದೆ ನಿಂತು ತಲೆ ಕೆರೆದುಕೊಂಡ. “ಯಜಮಾನ್ರು ಬೀರುಗೆ ಅವಮಾನ ಆಯ್ತು ಅಂತ ಗಲಾಟೆ ಮಾಡಿದ್ರಂತೆ, ಹೌದಾ?” ಎಂದು ಸೊಸೆಯನ್ನು ಕೇಳಿದ. ಹೌದು ಎಂದಳು. ಅದು ಸುಳ್ಳೂ ಆಗಿರಲಿಲ್ಲ. ಅವನು ದೊಡ್ಡ ಹೊರೆ ಇಳಿಸಿದವನಂತೆ ಉಸಿರು ಬಿಟ್ಟ.

ಕೊನೆಯ ಪಂದ್ಯದ ದಿನ ಗಾಳಿ ಬೆಳಿಗ್ಗೆಯಿಂದಲೇ ಸಿಟ್ಟಿನಲ್ಲಿತ್ತು. ಹಿನ್ನೀರು ಪೂರ್ತಿ ಬಿಳಿ ನೊರೆ. ಹಗುರ ದೋಣಿಗಳವರು ಒಬ್ಬೊಬ್ಬರೇ ಹಿಂದೆ ಸರಿದರು. ಉಳಿದವುಗಳಲ್ಲಿ ಬೇಕರಿಯವನ ಬಿಳಿ ದೋಣಿಯೂ ಬೀರುವೂ ಇದ್ದವು. ಸೊಸೆಯ ಗಂಡ ಮೊದಲ ಬಾರಿಗೆ ಪಂದ್ಯ ನೋಡಲು ಬಂದಿದ್ದ, ನೀರಿಗೆ ಬೆನ್ನು ಹಾಕಿ ನಿಂತಿದ್ದ. “ಏನಾಯ್ತು ಅಂತ ಯಾರಾದ್ರೂ ಹೇಳ್ತಾ ಇರಿ, ಸಾಕು,” ಎಂದ.

ಹಾರನ್ ಕೂಗಿದೊಡನೆ ಬೀರು ಮುಂದಕ್ಕೆ ನೆಗೆಯಿತು. ಅಲೆ ಬಂದು ಬಡಿದಾಗ ಬಿಳಿ ದೋಣಿಗಳು ಕುಣಿದವು, ಬೀರು ಅಲೆಯನ್ನು ಸೀಳಿಕೊಂಡು ಹೋಯಿತು. ಅವಳು ಕಾಲ್ಬೆರಳನ್ನು ದೋಣಿಯೊಳಗಿನ ಪಟ್ಟಿಗೆ ಸಿಕ್ಕಿಸಿ, ದೋಣಿ ಮಗುಚದಂತೆ ಬೆನ್ನು ನೀರಿಗೆ ತಾಗುವಷ್ಟು ಹೊರಕ್ಕೆ ಬಾಗಿದಳು. ಹೊಟ್ಟೆಯ ಸ್ನಾಯು ಉರಿಯುತ್ತಿತ್ತು. ‘ಹಗ್ಗದ ಜೊತೆ ಜಗಳ ಆಡ್ಬೇಡ, ಅದು ಏನು ಕೇಳುತ್ತೋ ಕೊಡು’ ಎನ್ನುತ್ತಿದ್ದರು ಮಾವ. ಗಾಳಿ ಜೋರಾದಾಗ ಹಾಯಿಯ ಹಗ್ಗವನ್ನು ಸ್ವಲ್ಪ ಬಿಟ್ಟಳು, ಇಳಿದಾಗ ಎಳೆದುಕೊಂಡಳು. ಮುಖಕ್ಕೆ ನೀರು ರಾಚುತ್ತಿತ್ತು. ಬಾಯಲ್ಲಿ ಕೆಸರಿನ ರುಚಿ.

ಬೇಕರಿಯವನು ಬಿಡುವ ಜಾತಿಯವನಲ್ಲ. ಎರಡನೇ ಸುತ್ತಿನವರೆಗೂ ಅವನೇ ಮುಂದಿದ್ದ. ಕೊನೆಯ ಡ್ರಮ್ಮಿನ ಬಳಿ ಅವನ ದೋಣಿ ಅಲೆಗೆ ಸಿಕ್ಕಿ ಒಂದು ಕ್ಷಣ ತಡವರಿಸಿತು. ಆ ಸಂದಿನಲ್ಲಿ ಬೀರು ನುಗ್ಗಿತು. “ಹೋಗು, ಹೋಗು, ಬೇಗ ಹೋಗು!” ಎಂದು ಅವನು ಕೂಗಿದ್ದು ಕೇಳಿಸಿತು. ಬೈಗುಳವೋ ಹುರಿದುಂಬಿಸಿದ್ದೋ ಗಾಳಿಯಲ್ಲಿ ಗೊತ್ತಾಗಲಿಲ್ಲ. ಅವಳು ಹಲ್ಲು ಕಚ್ಚಿ ಗೆರೆಯ ಕಡೆಗೆ ದೋಣಿ ಬಿಟ್ಟಳು.

ಎಲ್ಲರಿಗಿಂತ ಮೊದಲು ಗೆರೆ ದಾಟಿದ್ದು ಬೀರು. ಮೊದಲ ದೋಣಿಗಷ್ಟೇ ಕೂಗುವ ಹಾರನ್ ಅವಳ ತಲೆಯ ಮೇಲೆ ಕೂಗಿತು. ದಡದ ಬೆಂಚಿನಿಂದ ಮಾವ ಎದ್ದು ನಿಂತು ಟೋಪಿ ಬೀಸುತ್ತಿದ್ದರು. ಅವಳು ತಿರುಗಿ ನೋಡಿದಳು. ಗೆಲ್ಲಬೇಕಾದರೆ ಬೇಕರಿಯವನು ಇನ್ನೂ ದೂರ, ಡ್ರಮ್ಮಿನ ಹತ್ತಿರದಲ್ಲಿರಬೇಕಿತ್ತು. ಅವನು ಆಗಲೇ ಬಂದುಬಿಟ್ಟಿದ್ದ. ಬಿಳಿ ಹಾಯಿ ದೊಡ್ಡದಾಗುತ್ತ ಗೆರೆ ದಾಟಿದಾಗ, ಮೇಷ್ಟ್ರು ಸೀಮೆಸುಣ್ಣ ಹಿಡಿಯುವ ಮೊದಲೇ ಅವಳಿಗೆ ತಿಳಿದುಹೋಯಿತು. ಸೋತಿದ್ದಳು. ಅಷ್ಟೊಂದು ಹಗುರಾಗಿ ಅವಳು ಯಾವತ್ತೂ ಗೆದ್ದಿರಲಿಲ್ಲ.

“ಸ್ವಲ್ಪದರಲ್ಲಿ ತಪ್ಪಿತು,” ಎಂದರು ಮೇಷ್ಟ್ರು ಹಲಗೆಯ ಮುಂದೆ. “ತೀರಾ ಸ್ವಲ್ಪ.”

ಮಾವ ಅವಳ ಒದ್ದೆ ತಲೆಯ ಮೇಲೆ ಕೈಯಿಟ್ಟರು. ಅವರ ಸಂತೋಷಕ್ಕೆ ಮಿತಿಯಿರಲಿಲ್ಲ. “ದೋಣಿ ಮೊದಲು ಬಂತು. ಅದೂ ಆಯ್ತು. ನನ್ನನ್ನ ಸೋಲಿಸೋಕೆ ಮಾತ್ರ ನಿಂಗೆ ಇನ್ನೂ ಸ್ವಲ್ಪ ಟೈಮ್ ಬೇಕು ಕಣಮ್ಮಾ.”

“ಮುಂದಿನ ವರ್ಷ ನೋಡ್ಕೋತೀನಿ.”

“ನೋಡ್ಕೋ. ಅವನು ಭಾರಿ ಗಟ್ಟಿಗ, ಆ ಮನುಷ್ಯ,” ಎಂದರು ತಮ್ಮ ಪ್ರಾಯದ ಬಗ್ಗೆ, ಪರಿಚಯದ ಯಾರ ಬಗ್ಗೆಯೋ ಹೇಳುವಂತೆ.

ಕಪ್ ಬೇಕರಿಯವನ ಕೈಗೆ ಹೋಯಿತು. ಅವನು ಅದನ್ನು ಬ್ರೆಡ್ಡಿನ ಟ್ರೇ ಹಿಡಿಯುವ ಹಾಗೆ ಎರಡೂ ಕೈಯಲ್ಲಿ ಹಿಡಿದು, ಎಲ್ಲಿಡಬೇಕು ಎಂದು ತಿಳಿಯದೆ ನಿಂತ. ಮಾವ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ನಡುಗುವ ಕೈಗಳು ಒಂದಕ್ಕೊಂದು ಸರಿಯಾಗಿ ಸಿಗುತ್ತಿರಲಿಲ್ಲ, ಆದರೂ ನಿಲ್ಲಿಸಲಿಲ್ಲ. ಜನ ಚದುರಿದ ಮೇಲೆ ಬೇಕರಿಯವನು ದಡದಲ್ಲಿದ್ದ ಬೀರುವಿನ ಬಳಿಗೆ ಬಂದ.

“ಯಜಮಾನ್ರೇ, ಒಂದು ಕೇಳ್ತೀನಿ, ಬೇಜಾರಿಲ್ಲ ತಾನೆ? ಆ ಅಲೆಯಲ್ಲಿ ನಮ್ಮದೆಲ್ಲ ಕುಣೀತಿತ್ತು. ಇದು ನೋಡಿದ್ರೆ ಬೆಣ್ಣೇಲಿ ಚಾಕು ಹೋದ ಹಾಗೆ ಹೋಯ್ತು. ತಳದಲ್ಲಿ ಏನು ಮಾಡಿದೀರಿ?”

ಬೀರುವಿನ ತಳವನ್ನು ಮಾವ ಬೇರೆಯವರ ಮುಂದೆ ತೋರಿಸಿದ್ದನ್ನು ಸೊಸೆ ಕಂಡಿರಲಿಲ್ಲ. ಕೇಳಿದವರಿಗೆಲ್ಲ, ಬೀರು ಅಂದ್ರೆ ಬಾಗಿಲು ಹಾಕಿರಬೇಕು ಎಂದು ನಕ್ಕು ಸಾಗಹಾಕುತ್ತಿದ್ದರು. ಈಗ ಬೇಕರಿಯವನ ಮುಖ ನೋಡಿದರು. “ಆ ಕಡೆ ಹಿಡಿ,” ಎಂದರು.

ಮೂವರೂ ಸೇರಿ ದೋಣಿಯನ್ನು ಹುಲ್ಲಿನ ಮೇಲೆ ಬೋರಲು ಹಾಕಿದರು. ಬೇಕರಿಯವನು ಕಪ್ಪನ್ನು ಪಕ್ಕಕ್ಕಿಟ್ಟು ಮಂಡಿಯೂರಿದ. ಮಾವ ಅವನ ಪಕ್ಕದಲ್ಲೇ ಕಷ್ಟಪಟ್ಟು ಕೂತು, ಒದ್ದೆ ಮರದ ಮೇಲೆ ಅಂಗೈ ಇಟ್ಟರು. ಮುಂದಿನ ಮೂತಿಯಿಂದ ಹಿಂದಕ್ಕೆ, ಕಣ್ಣಿಗೆ ಕಾಣದ ಒಂದು ತಗ್ಗಿನ ಗುಂಟ, ಕೈ ಮೆಲ್ಲಗೆ ಸರಿಯಿತು. “ಇಲ್ಲಿ ನೋಡು. ಕಣ್ಣಿಗೆ ಸಿಗಲ್ಲ. ಕೈ ಹಾಕು.” ಬೇಕರಿಯವನು ಅಂಗಿಗೆ ಅಂಗೈ ಒರೆಸಿಕೊಂಡು, ಆ ನಡುಗುವ ಕೈ ಹೋದ ದಾರಿಯಲ್ಲೇ ತನ್ನ ಕೈಯನ್ನು ಸರಿಸತೊಡಗಿದ. ಸೊಸೆ ನೀರಿಳಿಯುವ ಹಾಯಿಯನ್ನು ತೋಳಿನಲ್ಲಿ ಹಿಡಿದುಕೊಂಡು, ಅವರನ್ನು ಕರೆಯದೆ ನಿಂತಿದ್ದಳು.